ಗಿಳಿ, ಬೇತಾಳ ಮತ್ತು ಮರದ ಮನೆ

ದೇವನಹಳ್ಳಿ ಹೊರಗಿನವರಿಗೆ ಟಿಪ್ಪು ಹುಟ್ಟಿದ ಊರು, 2008ರ ನಂತರ ವಿಮಾನ ಇಳಿಯುವ ಊರು. ನನಗೆ ಅದು ಚಕ್ಕೋತದ ಊರು. ಜಗಲಿಯಲ್ಲಿ ಕುಳಿತು ದಾದಿಮಾ ಚಕ್ಕೋತ ಬಿಡಿಸುತ್ತ ತೊಳೆಗೊಂದು ಕಥೆ ಹೇಳುತ್ತಿದ್ದರು. ಮೊನ್ನೆ ಮಗಳು ಮೊಬೈಲಿನಲ್ಲಿ 'ದಿ ಸಿಂಪ್ಸನ್ಸ್' ಎಂಬ ಅಮೆರಿಕದ ಹಾಸ್ಯ ಕಾರ್ಟೂನ್ ನೋಡುತ್ತಿದ್ದಾಗ ಆ ತೊಳೆಗಳು ನೆನಪಾದವು. ಒಂದೇ ಕಂತಿನಲ್ಲಿ ಮೂರು ಕಥೆ!

ಆ ಧಾರಾವಾಹಿಯಲ್ಲಿ ಈ ಪದ್ಧತಿ ಶುರುವಾದದ್ದು 1990ರ ಅಕ್ಟೋಬರ್ 25ರಂದು, ಅವರ ಹ್ಯಾಲೊವೀನ್ ಹಬ್ಬಕ್ಕೆಂದು. ಮರದ ಮೇಲೆ ಕಟ್ಟಿದ ಪುಟ್ಟ ಮನೆಯಲ್ಲಿ ಮಕ್ಕಳು ದೆವ್ವದ ಕಥೆ ಹೇಳುತ್ತಾರೆ. ಅಪ್ಪ ಹೋಮರ್ ಕದ್ದು ಕೇಳಿ ತಾನೇ ಹೆದರುತ್ತಾನೆ. ಮೂರನೆಯ ಕಥೆಯಂತೂ ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ ಕವಿತೆಯೇ. ವರ್ಷಕ್ಕೊಂದರಂತೆ ಇಂಥ ಕಂತುಗಳು ಬಂದವು. ಅದೇ ಕುಟುಂಬ ಕಥೆಗೊಂದು ವೇಷ ಹಾಕುತ್ತದೆ. ಇಲ್ಲಿ ಸತ್ತವರು ಮುಂದಿನ ವಾರ ಏನೂ ಆಗದವರಂತೆ ಊಟಕ್ಕೆ ಕೂರುತ್ತಾರೆ. ಬರಹಗಾರರಿಗೆ ಇದಕ್ಕಿಂತ ದೊಡ್ಡ ಸ್ವಾತಂತ್ರ್ಯ ಬೇಕೆ? ಆದರೆ ಕೆಲವೇ ವರ್ಷಗಳಲ್ಲಿ ಕಥೆ ಹೇಳುವವರೂ ಕೇಳುವವರೂ ಮಾಯವಾದರು. ಮರದ ಮನೆ ಕಂತಿನ ಹೆಸರಿನಲ್ಲಷ್ಟೇ ಉಳಿಯಿತು.

ಕಥೆಯೊಳಗೆ ಕಥೆ ನಮಗೆ ಹೊಸದಲ್ಲ. 'ಚಂದಮಾಮ'ದ ಬೇತಾಳನನ್ನು ಓದಿದ ಕನ್ನಡಿಗರೆಷ್ಟು ಮಂದಿ! 1985ರಲ್ಲಿ ದೂರದರ್ಶನದ 'ವಿಕ್ರಮ್ ಔರ್ ಬೇತಾಲ್'ನಲ್ಲಿ ಅರುಣ್ ಗೋವಿಲ್ ಬೆನ್ನೇರಿ ಬಂದ ಸಜ್ಜನ್‌ರನ್ನು ಪಕ್ಕದ ಮನೆಯ ಟೀವಿಯಲ್ಲಿ ನೋಡಿ, ರಾತ್ರಿ ಬಚ್ಚಲಿಗೆ ಹೋಗಲು ಹೆದರಿದವರಲ್ಲಿ ನಾನೂ ಒಬ್ಬ. ಅಲ್ಲಿ ಕೇಳುವವನು ಸುಮ್ಮನೆ ಕೇಳುವಂತಿಲ್ಲ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು.

ದಾದಿಮಾ ಹೇಳುತ್ತಿದ್ದದ್ದು ಗಿಳಿಯ ಕಥೆ. ಸಂಸ್ಕೃತದ 'ಶುಕಸಪ್ತತಿ'ಯನ್ನು ಆಧರಿಸಿ ಜಿಯಾವುದ್ದೀನ್ ನಖ್ಶಬಿ 1330ರಲ್ಲಿ ಫಾರಸಿಯಲ್ಲಿ 'ತೂತಿನಾಮಾ' ಬರೆದರು, 52 ರಾತ್ರಿಗಳ ಕಥೆ. ಗೋಲ್ಕೊಂಡದ ಗವ್ವಾಸಿ 1639ರಲ್ಲಿ ಅದನ್ನು ದಖನಿ ಪದ್ಯಕ್ಕೆ ತಂದರು. 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಹೈದರ್ ಬಖ್ಶ್ ಹೈದರಿ ಉರ್ದುವಿನಲ್ಲಿ 'ತೋತಾ ಕಹಾನಿ' ಬರೆದರು. ಗಂಡ ವ್ಯಾಪಾರಕ್ಕೆ ದೂರ ಹೋಗಿದ್ದಾನೆ. ಹೆಂಡತಿ ಖುಜಸ್ತಾಗೆ ಬೇರೊಬ್ಬನ ಮೇಲೆ ಮನಸ್ಸು. ಬೇಡವೆಂದು ಬುದ್ಧಿ ಹೇಳಿದ ಮೈನಾವನ್ನು ಆಕೆ ಕೊಂದೇಬಿಟ್ಟಳು. ಗಿಳಿ ಜಾಣ. ಬುದ್ಧಿ ಹೇಳಲಿಲ್ಲ, ಕಥೆ ಹೇಳಿತು. ಪ್ರತಿ ರಾತ್ರಿ ಆಕೆ ಹೊರಡುವಷ್ಟರಲ್ಲಿ ಬೆಳಗಾಗುತ್ತಿತ್ತು.

ದಾದಿಮಾ ಕಥೆಯಲ್ಲಿ ಕೊನೆಗೆ ಗಂಡ ಬರುತ್ತಾನೆ, ಖುಜಸ್ತಾ ಬಾಗಿಲು ತೆರೆಯುತ್ತಾಳೆ, ಗಿಳಿಗೆ ಹಸಿಮೆಣಸಿನಕಾಯಿ ಸಿಗುತ್ತದೆ. ಮುಂದೆ ಉರ್ದು ಶಾಲೆಯಲ್ಲಿದ್ದಾಗ ಹೈದರಿಯ ಪುಸ್ತಕ ಕೈಗೆ ಸಿಕ್ಕಿತು. ಕೊನೆಯ ಪುಟದಲ್ಲಿ ಗಂಡ ಗಿಳಿಯಿಂದ ಎಲ್ಲ ಕೇಳಿ ಖುಜಸ್ತಾಳನ್ನು ಕೊಲ್ಲುತ್ತಾನೆ. ನನಗೆ ಮೋಸ ಹೋದಂತಾಯಿತು. ಗಿಳಿ ಅಷ್ಟು ರಾತ್ರಿ ಗಂಟಲು ಹರಿದುಕೊಂಡದ್ದು ಇದಕ್ಕಾಗಿಯೇ? 'ಶುಕಸಪ್ತತಿ'ಯಲ್ಲಿ ಗಂಡ ಹೆಂಡತಿಯನ್ನು ಕ್ಷಮಿಸುತ್ತಾನೆ. ದಾದಿಮಾಗೆ ಸಂಸ್ಕೃತದ ಗಂಧವಿರಲಿಲ್ಲ. ಹೈದರಿಯ ಕೊನೆ ಅವರಿಗೆ ತಿಳಿದಿತ್ತೋ ಎಂದು ಕೇಳುವ ಹೊತ್ತಿಗೆ ಅವರೇ ಇರಲಿಲ್ಲ.

ಕಾರ್ಟೂನಿನಲ್ಲಿ ಸಾವು ಒಳಗಿನ ಕಥೆಯಲ್ಲಿದೆ, ಹೊರಗೆ ಯಾರಿಗೂ ಏನೂ ಆಗುವುದಿಲ್ಲ. ಗಿಳಿಯ ಪುಸ್ತಕದಲ್ಲಿ ಒಳಗೆಲ್ಲ ವಿನೋದ, ಕುತ್ತಿಗೆಯ ಮೇಲೆ ಕತ್ತಿಯಿರುವುದು ಹೊರಗೆ ಕುಳಿತು ಕೇಳುವವಳಿಗೆ. ಮಗಳಿಗೆ ಇದನ್ನು ಹೇಳಿದೆ. ಆಕೆ ಮೊಬೈಲ್ ಬದಿಗಿಟ್ಟು, "ಅಬ್ಬಾ, ಆ ಗಿಳಿ ಗಂಡನಿಗೆ ಸುಳ್ಳು ಹೇಳಬಹುದಿತ್ತಲ್ಲ?" ಎಂದಳು.