ಹಿಡಿ ಹೋದ ಕತ್ತಿ

ಇವತ್ತು ನಾನು ಮಾತಾಡೋದು ಹಳೆಯ ಕತ್ತಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಹಿಡಿಯ ಬಗ್ಗೆ. ಸಾಹಿತ್ಯದ ವಿದ್ಯಾರ್ಥಿಗೆ ಇದ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮೂರು ರಾಯದುರ್ಗದ ಕಡೆಯ ನೇಮಕಲ್ಲು. ಶಾಲೆ ತೆಲುಗು, ಮನೆಮಾತು ಕನ್ನಡ. ಆಯುಧಪೂಜೆ ದಿನ ಕುಡುಗೋಲು, ಕೊಡಲಿಗಳ ಜೊತೆ ಒಂದು ಹಳೇ ಕತ್ತಿಯನ್ನೂ ಇಡುತ್ತಿದ್ದರು. ನಾನು ಹುಟ್ಟುವ ಮೊದಲೇ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದು, ಬೆಳ್ಳಿ ಕುಸುರಿಯಿದ್ದ ಹಿಡಿಯನ್ನಷ್ಟೇ ಬಿಚ್ಚಿಸಿಕೊಂಡು ಹೋದನಂತೆ. "ಹಿಡಿ ಹೋದ್ರೇನು, ಕತ್ತಿ ಐತಲ್ಲ" ಅಂದಿದ್ದರಂತೆ ತಾತ. ಅಲಗು ಈಗಲೂ ಇದೆ. ಅದು ಯಾವ ಕಾಲದ್ದು, ಯಾವ ಸೀಮೆಯದ್ದು ಅಂತ ಅದನ್ನು ನೋಡಿ ಹೇಳೋಕೆ ಆಗಲ್ಲ.

ಯಾಕೆ ಆಗಲ್ಲ ಅನ್ನೋದಕ್ಕೆ ಜಪಾನಿನ ಕತ್ತಿ ಒಳ್ಳೆಯ ಹೋಲಿಕೆ. ಅಲ್ಲಿ ಹಿಡಿ ನಿಲ್ಲುವುದು ಒಂದು ಸಣ್ಣ ಬಿದಿರು ಗೂಟದಿಂದ. ಗೂಟ ತಟ್ಟಿ ತೆಗೆದರೆ ಹಿಡಿಯೊಳಗಿನ ಉಕ್ಕಿನ ಬಾಲ ಹೊರಬರುತ್ತದೆ. ಹೆಸರು ಹಾಕುವ ಕಮ್ಮಾರ ಅದನ್ನು ಕೊರೆಯುವುದು ಆ ಬಾಲದ ಮೇಲೆ, ಕೆಲವೊಮ್ಮೆ ವರ್ಷವನ್ನೂ ಸೇರಿಸಿ. ಸಂಗ್ರಾಹಕರು ಅಲಗನ್ನು ಸಾದಾ ಮರದ ಒರೆಯಲ್ಲಿಟ್ಟು, ಅಲಂಕಾರದ ಹಿಡಿ, ಒರೆ, ಕೈ ಕಾಯುವ 'ತ್ಸುಬಾ' ಬಿಲ್ಲೆಗಳನ್ನು ಬೇರೆಯಾಗಿ ಇಡುತ್ತಾರೆ. 1876ರಲ್ಲಿ ಅಲ್ಲಿನ ಸರ್ಕಾರ ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಆಮೇಲೆ ಎಷ್ಟೋ ತ್ಸುಬಾಗಳು ಬಿಡಿಬಿಡಿಯಾಗಿ ಪಶ್ಚಿಮದ ಸಂಗ್ರಹಗಳಿಗೆ ಹೋದವು. ಆದರೂ ಹೆಸರಿದ್ದ ಅಲಗು ಅನಾಥ ಆಗಲಿಲ್ಲ.

ನಮ್ಮಲ್ಲಿ ಬಾಲವನ್ನು ಹಿಡಿಯೊಳಗೆ ಅರಗಿನಂಥ ಅಂಟಿನಿಂದ ಕೂರಿಸುತ್ತಿದ್ದರು. ಕಮ್ಮಾರನ ಹೆಸರು ಸಿಗೋದು ಕಡಿಮೆ. ಅಲಗು ಕೈಬದಲಾದಂತೆ ಹಿಡಿಯೂ ಬದಲಾಗುತ್ತಿತ್ತು. ಯುರೋಪಿನ ಅಲಗಿಗೆ ಇಲ್ಲಿಯ ಹಿಡಿ ಹಾಕಿದ ಕತ್ತಿಗೆ 'ಫಿರಂಗಿ' ಅಂತಲೇ ಹೆಸರು (ಕನ್ನಡದಲ್ಲಿ ಆ ಪದ ತೋಪಿಗೆ ಅಂಟಿಕೊಂಡಿದ್ದು ಬೇರೆ ಮಾತು). ಕತ್ತಿ ಯಾವ ನಾಡಿನ ಕೈಯಲ್ಲಿತ್ತು ಅಂತ ಹೇಳುವುದು ಹಿಡಿಯೇ. ಉಕ್ಕಿನ ಅದೃಷ್ಟ ಬೇರೆ. 1795ರಲ್ಲೇ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ 'ವೂಟ್ಜ್' ಬಗ್ಗೆ ಪ್ರಬಂಧ ಕೊಟ್ಟ. ಆ ಪದ ನಮ್ಮ 'ಉಕ್ಕು' ಎಂಬುದರ ಕೆಟ್ಟ ರೂಪ ಅಂತ ಬಹಳ ಜನ ಒಪ್ಪುತ್ತಾರೆ. ಹಿಡಿಗೆ ಅಂಥ ಗಮನ ಸಿಗಲಿಲ್ಲ.

2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 1 ಕೋಟಿ 40 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಡೇವಿಡ್ ಬೇರ್ಡ್‌ಗೆ ಕೊಟ್ಟಿದ್ದರು. ಚಿನ್ನದ ಕೆಲಸದ ಹಿಡಿ ಅಲಗನ್ನು ಬಿಟ್ಟುಹೋಗಿರಲಿಲ್ಲ, ಯಾರಿಂದ ಯಾರಿಗೆ ಬಂತು ಅನ್ನೋದೂ ಗೊತ್ತಿತ್ತು. ಬೆಲೆಯ ಹಿಂದೆ ಟಿಪ್ಪುವಿನ ಹೆಸರಷ್ಟೇ ಅಲ್ಲ, ಇದೂ ಇದೆ. ನಮ್ಮ ಹಿಡಿಗೆ ಏನು ಸಿಕ್ಕಿತ್ತು ಅಂತ ಅವ್ವನನ್ನು (ನನ್ನ ಅಜ್ಜಿ) ಕೇಳಿದೆ. "ಆ ವರ್ಷದ ಶೇಂಗಾ ಬೀಜಕ್ಕಾತು" ಅಂದಳು. ತಾತನನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಹಾಗಾದರೆ ಹೋದ ಹಿಡಿಗಳನ್ನು ಎಲ್ಲಿ ಹುಡುಕೋದು? ನನ್ನ ಉತ್ತರ ವೀರಗಲ್ಲು. ಮಡಕಶಿರಾ ಕಡೆಯ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಅಯ್ಯಪದೇವನಿಗೆ ನೆರವಾಗಲು ಹೋಗಿ ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ಬೇಗೂರು ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಆ ಅಯ್ಯಪದೇವನೂ ನೊಳಂಬನೇ. ಕಲ್ಲಿನ ತುಂಬ ಆನೆ, ಕುದುರೆ, ಆಯುಧ ಹಿಡಿದ ಕೈಗಳು. ತರಗತಿಯಲ್ಲಿ ನಾವು ಓದಿದ್ದು ಮಾತ್ರ ಅದರ ಅಕ್ಷರ, ಭಾಷೆಯ ಕಾಲ, ವಿಭಕ್ತಿ. ಶಾಸನ ಸಂಪುಟಗಳೂ ಹೆಚ್ಚಾಗಿ ಹಾಗೇ. ನನ್ನ ವಿನಂತಿ ಇಷ್ಟೇ: ನಿಮ್ಮೂರಿನ ವೀರಗಲ್ಲಿನ ಫೋಟೊ ತೆಗೆಯುವಾಗ ವೀರನ ಮುಷ್ಟಿಯ ಹತ್ತಿರದ್ದೂ ಒಂದು ತೆಗೀರಿ. ಸುಣ್ಣ, ಬಣ್ಣ ಬಳಿದಿದ್ದರೆ ಕೆರೆಯಬೇಡಿ, ಸಂಜೆಯ ಓರೆ ಬಿಸಿಲಲ್ಲಿ ಹೋಗಿ.

ಹೋದ ಹಬ್ಬಕ್ಕೆ ಅವ್ವ ನಮ್ಮ ಹಿಡಿಯನ್ನು ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಬರೆದು ತೋರಿಸಿದಳು: ಮೇಲೊಂದು ತಟ್ಟೆ, ತಟ್ಟೆಯ ನಡುವೆ ಮೊಳಕೆಯ ಹಾಗೆ ಎದ್ದ ಮೊನೆ, ಬೆರಳು ಮುಚ್ಚುವ ಅಗಲದ ಪಟ್ಟಿ. ಈಗ ನಿಮ್ಮ ಸ್ಕ್ರೀನ್ ಮೇಲೆ ಇರೋದು ಅದರ ಫೋಟೊ.