ಓ ಓಮೆಂ ಕಿ ಕೋಪಿಯಾವ

ಓ ಓಮೆಂ ಕಿ ಕೋಪಿಯಾವ 2003ರಲ್ಲಿ ತೆರೆಕಂಡ ಬ್ರೆಜಿಲಿನ ಪೋರ್ಚುಗೀಸ್ ಚಲನಚಿತ್ರ. ಹೆಸರಿನ ಅರ್ಥ ‘ನಕಲು ತೆಗೆಯುತ್ತಿದ್ದವನು’. ಕಥೆ ಬರೆದು ನಿರ್ದೇಶಿಸಿದವರು ಜೋರ್ಜಿ ಫುರ್ತಾದು. ಪ್ರೇಮ, ಅಪರಾಧ, ಹಾಸ್ಯ ಮೂರನ್ನೂ ಬೆರೆಸಿದ ಈ ಚಿತ್ರದ ನಾಯಕ ಜೆರಾಕ್ಸ್ ಅಂಗಡಿಯ ಹುಡುಗ. ಕನ್ನಡದಲ್ಲಿದ್ದಂತೆ ಬ್ರೆಜಿಲಿನ ಆಡುಮಾತಿನಲ್ಲೂ ನಕಲು ಪ್ರತಿಗೆ ಜೆರಾಕ್ಸ್ ಎಂದೇ ಹೆಸರು.

ಫುರ್ತಾದು ಹುಟ್ಟಿದ್ದು 1959ರಲ್ಲಿ, ದಕ್ಷಿಣದ ರಿಯೊ ಗ್ರಾಂದೆ ದೊ ಸುಲ್ ರಾಜ್ಯದ ರಾಜಧಾನಿ ಪೋರ್ಟೊ ಅಲೆಗ್ರೆಯಲ್ಲಿ. ಬ್ರೆಜಿಲಿನ ಸಿನಿಮಾ ಎಂದರೆ ರಿಯೊ ದೆ ಜನೈರೊ ಮತ್ತು ಸಾವೊ ಪಾವ್ಲೊ ಎಂಬಂತಿದ್ದ ಕಾಲದಲ್ಲಿ, 1987ರಲ್ಲಿ, ಪೋರ್ಟೊ ಅಲೆಗ್ರೆಯ ಚಿತ್ರಕರ್ಮಿಗಳು ಸೇರಿ ‘ಕಾಜಾ ದೆ ಸಿನೆಮಾ’ ಎಂಬ ಸಂಸ್ಥೆ ಕಟ್ಟಿದರು. ಅದರಿಂದ ಬಂದ ಫುರ್ತಾದು ಅವರ ಕಿರುಚಿತ್ರ ‘ಇಲ್ಯಾ ದಾಸ್ ಫ್ಲೋರೆಸ್’ (1989) ಒಂದು ಟೊಮೆಟೊ ಹಣ್ಣಿನ ಬೆನ್ನು ಹಿಡಿದು ಹೊಲದಿಂದ ಅಡುಗೆಮನೆಗೆ, ಅಲ್ಲಿಂದ ಕಸದ ಗುಡ್ಡೆಗೆ ಹೋಗುತ್ತದೆ. ಹಂದಿಗಳು ಬೇಡವೆಂದು ಬಿಟ್ಟದ್ದನ್ನು ಆ ಗುಡ್ಡೆಯಲ್ಲಿ ಬಡವರು ಆರಿಸಿಕೊಳ್ಳುತ್ತಾರೆ. ಹದಿಮೂರು ನಿಮಿಷಗಳ ಆ ಚಿತ್ರ 1990ರ ಬರ್ಲಿನ್ ಉತ್ಸವದಲ್ಲಿ ಬೆಳ್ಳಿ ಕರಡಿ ಪಡೆಯಿತು. ಅದೇ ವರ್ಷ ಬ್ರೆಜಿಲ್ ಸರ್ಕಾರ ತನ್ನ ಚಿತ್ರ ನಿಗಮ ಎಂಬ್ರಾಫಿಲ್ಮೆಯನ್ನು ಮುಚ್ಚಿತು; ದೇಶದಲ್ಲಿ ಕಥಾಚಿತ್ರಗಳ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ಚಿತ್ರಗಳಿಗೆ ಹಣ ಹಾಕುವವರಿಗೆ ತೆರಿಗೆ ವಿನಾಯಿತಿ ಕೊಡುವ 1993ರ ಕಾನೂನು ಬಂದ ಮೇಲಷ್ಟೇ ಉದ್ಯಮ ಚೇತರಿಸಿಕೊಂಡಿತು. ದೂರದರ್ಶನಕ್ಕೆ ಬರೆಯುತ್ತಿದ್ದ ಫುರ್ತಾದು 2002ರಲ್ಲಿ ಮೊದಲ ಪೂರ್ಣಪ್ರಮಾಣದ ಚಿತ್ರ ಮಾಡಿದರು. ಓ ಓಮೆಂ ಕಿ ಕೋಪಿಯಾವ ಅವರ ಎರಡನೆಯದು.

ನಾಯಕ ಆಂದ್ರೆ (ಲಾಜರೊ ರಾಮೋಸ್) ಪೋರ್ಟೊ ಅಲೆಗ್ರೆಯಲ್ಲಿ ತಾಯಿಯೊಡನೆ ವಾಸಿಸುವ, ಅರ್ಧಕ್ಕೇ ಶಾಲೆ ಬಿಟ್ಟ ಯುವಕ. ತಂದೆ ಎಂದೋ ಮನೆ ಬಿಟ್ಟು ಹೋಗಿದ್ದಾನೆ. ಹಗಲಿಡೀ ಜೆರಾಕ್ಸ್ ಯಂತ್ರದ ಮುಂದೆ ನಿಲ್ಲುವುದು, ರಾತ್ರಿ ಚಿತ್ರ ಬರೆಯುವುದು, ದುರ್ಬೀನು ಹಿಡಿದು ಎದುರು ಕಟ್ಟಡದ ಕಿಟಕಿಗಳನ್ನು ನೋಡುವುದು ಅವನ ದಿನಚರಿ. ಒಂದು ಕಿಟಕಿಯಲ್ಲಿ ಸಿಲ್ವಿಯಾ (ಲಿಯಾಂದ್ರಾ ಲಿಯಾಲ್) ಕಾಣುತ್ತಾಳೆ. ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆಂದು ತಿಳಿದು, ಮಾತಾಡಿಸುವ ನೆಪಕ್ಕೆ ತಾಯಿಗೊಂದು ನಿಲುವಂಗಿ ಕೊಳ್ಳಹೊರಡುತ್ತಾನೆ. ಬೆಲೆ 38 ರಿಯಾಲ್. ಅಷ್ಟು ಹಣ ಅವನಲ್ಲಿಲ್ಲ. ಅಂಗಡಿಗೆ ಬಣ್ಣದ ಪ್ರತಿ ತೆಗೆಯುವ ಹೊಸ ಯಂತ್ರ ಬಂದಾಗ ಅವನು 50 ರಿಯಾಲ್ ನೋಟನ್ನು ಅದರ ಗಾಜಿನ ಮೇಲಿಡುತ್ತಾನೆ. ಅಲ್ಲಿಂದ ಕಥೆ ಓಟಕ್ಕೆ ಬೀಳುತ್ತದೆ. ಸಹೋದ್ಯೋಗಿ ಮರಿನೆಸ್ (ಲುವಾನಾ ಪಿಯೊವಾನಿ), ಅವಳ ಬೆನ್ನು ಬಿದ್ದ ಕಾರ್ದೋಜೊ (ಪೆದ್ರೊ ಕಾರ್ದೋಜೊ) ಜೊತೆಗೂಡುತ್ತಾರೆ. ಖೋಟಾ ನೋಟಿನ ಬೆನ್ನಿಗೆ ಬ್ಯಾಂಕಿನ ಹಣದ ದರೋಡೆ, ಲಾಟರಿ, ಕಡೆಗೆ ಕೊಲೆಯೂ ಬರುತ್ತವೆ.

ಚಿತ್ರದ ನಿಜವಾದ ಸತ್ವ ಮೊದಲರ್ಧದಲ್ಲಿದೆ. ಆರಂಭದಲ್ಲೇ ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಹಣ ಸಾಲದೆ, ಯಾವ ಸಾಮಾನು ಬಿಡಲಿ ಎಂದು ಆಂದ್ರೆ ಲೆಕ್ಕ ಹಾಕುತ್ತಾನೆ. ಬಡತನವನ್ನು ಕಣ್ಣೀರಿನಿಂದಲ್ಲದೆ ಕೂಡಿಸಿ ಕಳೆಯುವ ಲೆಕ್ಕದಿಂದ ತೋರಿಸುವ ಈ ದೃಶ್ಯ ಭಾರತದ ಯಾವ ಸಣ್ಣ ಊರಿನ ನೋಡುಗರಿಗೂ ಅಪರಿಚಿತವೆನಿಸದು. ಆಂದ್ರೆಯ ಓದು ಕೂಡ ಅಂಥದ್ದೇ: ಪ್ರತಿ ತೆಗೆಯುವಾಗ ಕಣ್ಣಿಗೆ ಬಿದ್ದ ಪುಟ, ಅರ್ಧ ಸಾಲು, ಷೇಕ್ಸ್‌ಪಿಯರನ ಒಂದು ಸಾನೆಟ್ಟಿನ ತುಣುಕು. ಅವನಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತು, ಯಾವುದರ ಕೊನೆಯೂ ಗೊತ್ತಿಲ್ಲ. ಅವನ ಎಡೆಬಿಡದ ಸ್ವಗತಕ್ಕೆ ರೇಖಾಚಿತ್ರ, ಅನಿಮೇಷನ್, ಕತ್ತರಿಸಿ ಅಂಟಿಸಿದ ಬಿಂಬಗಳು ಹೊಂದಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತ ಹೋಗುವ ಇಲ್ಯಾ ದಾಸ್ ಫ್ಲೋರೆಸ್‌ನ ವಿಧಾನ ಇಲ್ಲಿ ಒಬ್ಬ ಮನುಷ್ಯನ ಮನಸ್ಸಾಗಿ ಬೆಳೆದಿದೆ. ಕೊನೆಯಲ್ಲಿ ಕಥೆ ಹೇಳುವ ದನಿ ಸಿಲ್ವಿಯಾಳದಾಗುತ್ತದೆ. ಕಿಟಕಿಯಾಚೆಯವನು ತನ್ನನ್ನು ನೋಡುತ್ತಿರುವುದು ಅವಳಿಗೆ ಗೊತ್ತಿತ್ತು ಎಂದು ತಿಳಿದಾಗ ಅದುವರೆಗೆ ಕಂಡದ್ದೆಲ್ಲ ಬೇರೆಯೇ ಅರ್ಥ ಪಡೆಯುತ್ತದೆ.

ಬ್ರೆಜಿಲಿನ ಚಿತ್ರಮಂದಿರಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಇದನ್ನು ನೋಡಿದರು. ಅದೇ ವರ್ಷದ ‘ಕರಾಂದಿರು’ 45 ಲಕ್ಷ ಮೀರಿ ಪ್ರೇಕ್ಷಕರನ್ನು ಸೆಳೆದದ್ದಕ್ಕೆ ಹೋಲಿಸಿದರೆ ಸಂಖ್ಯೆ ಸಣ್ಣದು. ಆದರೂ ದೇಶದ ಪ್ರಮುಖ ಚಲನಚಿತ್ರ ಪ್ರಶಸ್ತಿಯಲ್ಲಿ 2004ರ ಅತ್ಯುತ್ತಮ ಚಿತ್ರವೆಂಬ ಗೌರವ ಇದಕ್ಕೆ ಸಂದಿತು. 2002ರ ‘ಸಿದಾದೆ ದೆ ದೇವುಸ್’ ನಂತರ ಬ್ರೆಜಿಲಿನ ಅಪರಾಧ ಚಿತ್ರವೆಂದರೆ ಕೊಳೆಗೇರಿ ಮತ್ತು ಬಂದೂಕು ಎಂದುಕೊಂಡಿದ್ದವರಿಗೆ ಕೆಳಮಧ್ಯಮ ವರ್ಗದ ಈ ಮೆಲುದನಿಯ ಕಥೆ ಹೊಸದೆನಿಸಿತು. ಕಪ್ಪು ನಟನೊಬ್ಬ ನಾಯಕನಾಗಿದ್ದೂ ಅವನ ಬಣ್ಣವನ್ನು ಕಥೆಯ ವಿಷಯವಾಗಿಸದಿರುವುದು ಚರ್ಚೆಗೆ ಒಳಗಾಯಿತು.

ನೋಡುಗರ ಭಿನ್ನಮತ ಹೆಚ್ಚಾಗಿ ಎರಡು ವಿಷಯಗಳ ಸುತ್ತ ಇದೆ. ಮೊದಲನೆಯದು ದುರ್ಬೀನು. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ವನ್ನು ನೆನಪಿಸುವ ಆ ಇಣುಕುನೋಟ ಕೆಲವರಿಗೆ ಸಂಕೋಚದ ಹುಡುಗನ ಪ್ರೀತಿಯಾಗಿ, ಕೆಲವರಿಗೆ ಹೆಣ್ಣಿನ ಏಕಾಂತದ ಉಲ್ಲಂಘನೆಯಾಗಿ ಕಾಣುತ್ತದೆ. ಸಿಲ್ವಿಯಾಳ ಮನೆಯೊಳಗೇ ಅವಳನ್ನು ಕದ್ದು ನೋಡುವ ತಂದೆಯನ್ನಿಟ್ಟು ಚಿತ್ರವೂ ಈ ಪ್ರಶ್ನೆಯನ್ನು ಎತ್ತುತ್ತದೆ. ಎರಡನೆಯದು ಶಿಕ್ಷೆಯಿಲ್ಲದ ಮುಕ್ತಾಯ. ಮೊದಲ ಒಂದು ಗಂಟೆ ಆಂದ್ರೆಯನ್ನು ಅಷ್ಟು ಹತ್ತಿರದಿಂದ ಕಂಡವರು ಅವನು ಗುಂಡು ಹಾರಿಸುವಾಗಲೂ ಅವನು ಸಿಕ್ಕಿಬೀಳದಿರಲಿ ಎಂದು ಬಯಸುತ್ತಾರೆ. ಹಾಗೆ ಬಯಸಿದ್ದು ನಂತರ ಮನಸ್ಸನ್ನು ಕುಟುಕುತ್ತದೆ. ಉತ್ತರಾರ್ಧದ ವೇಗ ಮತ್ತು ಕಾಕತಾಳೀಯಗಳು ಪೂರ್ವಾರ್ಧದ ಸೂಕ್ಷ್ಮತೆಯನ್ನು ನುಂಗಿದವೆಂಬ ಟೀಕೆಯಲ್ಲಿ ಹುರುಳಿದೆ.

ರಾಮೋಸ್ 2002ರ ‘ಮದಾಮೆ ಸತಾ’ದಿಂದಲೇ ಹೆಸರಾಗಿದ್ದರು, ಈ ಚಿತ್ರ ಅವರ ಹಾಸ್ಯದ ಶಕ್ತಿಯನ್ನು ತೋರಿಸಿತು. ಫುರ್ತಾದು ಅವರ ‘ಮೆವು ತಿಯು ಮಾತೊವು ಉಂ ಕಾರಾ’ (2004) ಮತ್ತು ‘ಸಾನೆಯಾಮೆಂತು ಬಾಜಿಕು’ (2007) ಚಿತ್ರಗಳಲ್ಲೂ ರಾಮೋಸ್ ನಟಿಸಿದರು. ಎರಡನೆಯದರಲ್ಲಿ ಚರಂಡಿ ಕಟ್ಟಲು ಹಣವಿಲ್ಲದ ಹಳ್ಳಿಯ ಜನ, ಸಿನಿಮಾಕ್ಕೆಂದು ಸರ್ಕಾರ ಕೊಡುವ ಹಣಕ್ಕಾಗಿ ತಾವೇ ಒಂದು ರಾಕ್ಷಸ ಜೀವಿಯ ಚಿತ್ರ ತೆಗೆಯುತ್ತಾರೆ.