ಡಾರ್ವಿನ್ ಕಳೆದುಕೊಂಡ ಸಂಗೀತ

ಸಂಗೀತದಿಂದ ಮನುಷ್ಯನಿಗೆ ಏನು ಪ್ರಯೋಜನ? ಈ ಪ್ರಶ್ನೆಯನ್ನು ವಿಜ್ಞಾನದ ದೃಷ್ಟಿಯಿಂದ ಕೇಳಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖನು. ಮಾನವನ ಉಗಮವನ್ನು ಕುರಿತು 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಿತ್ಯದ ಬಾಳಿಗೆ ಯಾವ ಉಪಯೋಗಕ್ಕೂ ಬಾರದ ಈ ಶಕ್ತಿ ನಮ್ಮಲ್ಲಿರುವುದೇ ಒಂದು ರಹಸ್ಯವೆಂದು ಅವನು ಬರೆದ.

ಭಾವಾವೇಶದಲ್ಲಿ ಏರಿಳಿಯುವ ಮಾತೇ ಬೆಳೆದು ಹಾಡಾಯಿತೆಂದು ಹರ್ಬರ್ಟ್ ಸ್ಪೆನ್ಸರ್ 1857ರಲ್ಲಿ ವಾದಿಸಿದ್ದ. ಡಾರ್ವಿನ್ನನ ಮತ ಇದಕ್ಕೆ ವಿರುದ್ಧ: ಮೊದಲು ಹಾಡು, ಆಮೇಲೆ ಮಾತು. ಹಕ್ಕಿಗಳಂತೆ ನಮ್ಮ ಪೂರ್ವಿಕರೂ ಮಾತು ಕಲಿಯುವ ಮುನ್ನ ಸ್ವರಗಳಿಂದಲೇ ಸಂಗಾತಿಯನ್ನು ಒಲಿಸಿಕೊಂಡಿರಬೇಕು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ 2008ರಲ್ಲಿ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಒಂದು ಕೊಳಲು ದೊರೆಯಿತು. ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ್ದು. ಬೆರಳಿಡಲು 5 ರಂಧ್ರಗಳು. ವಯಸ್ಸು 35 ಸಾವಿರ ವರ್ಷಕ್ಕೂ ಮಿಗಿಲು. ಹಿಮಯುಗದ ಚಳಿಯಲ್ಲಿ ಬೇಟೆಯಾಡಿ ಬದುಕಿದವರು ಇದಕ್ಕಾಗಿ ಅಷ್ಟು ಶ್ರಮಪಟ್ಟರೆಂದ ಮೇಲೆ, ಸಂಗೀತವನ್ನು ನಿರುಪಯೋಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ಡಾರ್ವಿನ್ನನ ಬಾಳಿನಲ್ಲೇ ಇದೆ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಗಾನ ಕೇಳಿ ಅವನ ಬೆನ್ನು ಝುಮ್ಮೆನ್ನುತ್ತಿತ್ತಂತೆ. ಅಲ್ಲಿನ ಗಾಯಕ ಬಾಲಕರಿಗೆ ಹಣ ಕೊಟ್ಟು ತನ್ನ ಕೊಠಡಿಯಲ್ಲಿ ಹಾಡಿಸಿದ್ದೂ ಉಂಟು. ಸ್ವರಜ್ಞಾನ ಮಾತ್ರ ಸೊನ್ನೆ. ಪರಿಚಿತ ರಾಷ್ಟ್ರಗೀತೆಯನ್ನೇ ಕೊಂಚ ವೇಗ ಬದಲಿಸಿ ನುಡಿಸಿದರೆ ಗುರುತು ಸಿಗುತ್ತಿರಲಿಲ್ಲ. ಆದರೂ ಆನಂದಕ್ಕೆ ಕೊರತೆಯಿರಲಿಲ್ಲ.

1876ರಲ್ಲಿ, 67ನೆಯ ವಯಸ್ಸಿನಲ್ಲಿ, ಆತ್ಮಕಥೆ ಬರೆಯುವ ಹೊತ್ತಿಗೆ ಆ ಆನಂದ ಬತ್ತಿತ್ತು. ಕಾವ್ಯ ಬೇಸರ ತರುತ್ತಿತ್ತು; ಸಂಗೀತ ಕೇಳಿದರೆ ಕೈಯಲ್ಲಿದ್ದ ಸಂಶೋಧನೆಯ ಚಿಂತೆಯೇ ಹೆಚ್ಚುತ್ತಿತ್ತು. ಈ ರುಚಿಗಳು ನಶಿಸುವುದೆಂದರೆ ಸುಖ ನಶಿಸಿದಂತೆ, ಅದರಿಂದ ಬುದ್ಧಿಗೂ ಶೀಲಕ್ಕೂ ಹಾನಿಯಾದೀತು ಎಂದು ಅವನು ಮರುಗಿದ. ಮತ್ತೊಮ್ಮೆ ಬಾಳುವಂತಾದರೆ ವಾರಕ್ಕೊಮ್ಮೆಯಾದರೂ ಕೊಂಚ ಕವಿತೆ ಓದುವುದನ್ನೂ ಕೊಂಚ ಸಂಗೀತ ಕೇಳುವುದನ್ನೂ ನಿಯಮ ಮಾಡಿಕೊಳ್ಳುತ್ತಿದ್ದೆನೆಂದ. 5 ವರ್ಷಗಳ ಹಿಂದೆ ಯಾವುದರಲ್ಲಿ ಉಪಯೋಗ ಕಾಣದೆ ಹೋಗಿದ್ದನೋ, ಅದರ ಬೆಲೆಯನ್ನು ಅವನಿಗೆ ಕಲಿಸಿದ್ದು ಅದರ ಅಭಾವ.

ಸಂಗೀತ ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಮದ್ದು ಬೇಕಾಗುವುದು ರೋಗಿಗೆ. ಅನ್ನ ಎಲ್ಲರಿಗೂ ಬೇಕು. ಸಂಗೀತ ಮನಸ್ಸಿಗೆ ಅನ್ನ. ಉತ್ತರಪತ್ರಿಕೆಗಳ ಕಟ್ಟನ್ನು ಬದಿಗೆ ಸರಿಸಿ ಡಾರ್ವಿನ್ನನ ಈ ಪುಟವನ್ನು ಓದಿದ ರಾತ್ರಿ ನಾನೂ ನನ್ನ ಲೆಕ್ಕ ನೋಡಿಕೊಂಡೆ. ಒಂದು ರಾಗವನ್ನು ಕೊನೆಯವರೆಗೆ ಕೂತು ಕೇಳಿ ಎಷ್ಟು ತಿಂಗಳಾಗಿತ್ತೋ, ನೆನಪಿಗೆ ಬರಲಿಲ್ಲ.